ಹಳದಿ ದೀಪದ ಮಾತು

ಕಳೆದ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಕನ್ನಡದ ಬಾಯಿಮಾತಿಗೆ ಬಂದು ಸೇರಿದ ಶಬ್ದಗಳಲ್ಲಿ ‘ಸರ್ವರ್’ ಎಂಬುದೂ ಒಂದು. ಅದು ಬಂದದ್ದು ಪಾಠಪುಸ್ತಕದ ದಾರಿಯಿಂದಲ್ಲ, ಕಚೇರಿಗಳ ಕಿಟಕಿಯ ದಾರಿಯಿಂದ. ಪಹಣಿಗೆಂದು ನಾಡಕಚೇರಿಗೆ ಹೋದವರು, ಪಡಿತರಕ್ಕಾಗಿ ನ್ಯಾಯಬೆಲೆ ಅಂಗಡಿಯ ಮುಂದೆ ಹೆಬ್ಬೆರಳು ಒತ್ತಲು ನಿಂತವರು, ಪಿಂಚಣಿಗಾಗಿ ಬ್ಯಾಂಕಿಗೆ ಬಂದ ವೃದ್ಧರು, ಇವರೆಲ್ಲರೂ ಒಂದಲ್ಲ ಒಂದು ದಿನ “ಸರ್ವರ್ ಇಲ್ಲ, ನಾಳೆ ಬನ್ನಿ” ಎಂಬ ಮಾತನ್ನು ಕೇಳಿ ಹಿಂದಿರುಗಿದವರೇ. ಹಿಂದೆ “ಸಾಹೇಬರು ಇಲ್ಲ” ಎನ್ನುತ್ತಿದ್ದ ಸ್ಥಾನದಲ್ಲಿ ಈಗ ಸರ್ವರ್ ಬಂದು ಕುಳಿತಿದೆ. ಸಾಹೇಬರು ಎಲ್ಲಿಗೆ ಹೋಗಿದ್ದಾರೆಂದು ಕೇಳಬಹುದಾಗಿತ್ತು. ಸರ್ವರ್ ಎಲ್ಲಿಗೆ ಹೋಯಿತೆಂದು ಕೇಳುವ ಧೈರ್ಯ ಯಾರಿಗೂ ಬರುವುದಿಲ್ಲ.

“ಸರ್ವರ್ ಇಲ್ಲ” ಎಂಬ ಈ ಎರಡು ಶಬ್ದಗಳ ಹಿಂದೆ ಹತ್ತು ಬಗೆಯ ತೊಂದರೆಗಳು ಅಡಗಿರಬಹುದು. ಎಲ್ಲೋ ತಂತಿ ಕಡಿದಿರಬಹುದು, ವಿದ್ಯುತ್ತು ಹೋಗಿರಬಹುದು, ತಂತ್ರಾಂಶ ಕೈಕೊಟ್ಟಿರಬಹುದು, ಒಮ್ಮೆಗೇ ಬಂದ ಬೇಡಿಕೆಗಳ ಭಾರ ಹೆಚ್ಚಿರಬಹುದು. ಇಲ್ಲವೇ ನಿಜವಾಗಿಯೂ ಯಂತ್ರದ ಅಂಗವೊಂದು ಕೆಟ್ಟಿರಬಹುದು. ಈ ಕೊನೆಯ ಸಂದರ್ಭವನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಜನ ತಿಳಿದುಕೊಂಡಿರುವಂತೆ ಯಂತ್ರ ಮೂಕವಲ್ಲ. ಪೂರ್ತಿ ಕೆಡುವುದಕ್ಕೆ ಮೊದಲೇ, ಕೆಲವೊಮ್ಮೆ ವಾರಗಟ್ಟಲೆ ಮೊದಲೇ, ಅದು ತನ್ನ ಸ್ಥಿತಿಯನ್ನು ದೀಪದಿಂದ, ಸದ್ದಿನಿಂದ, ಅಂಕಿಗಳಿಂದ, ಬರಹದಿಂದ ತಿಳಿಸುತ್ತಿರುತ್ತದೆ. ಆ ಭಾಷೆಯ ವ್ಯಾಕರಣ ಅಷ್ಟೇನೂ ಕಠಿಣವಲ್ಲ. ಆದರೆ ಅದನ್ನು ಓದುವ ಅಭ್ಯಾಸ ನಮ್ಮಲ್ಲಿ ಕಡಿಮೆ.

ಸರ್ವರ್ ಎಂದರೆ ಊಳಿಗ ಮಾಡುವ ಗಣಕಯಂತ್ರ, ಅಷ್ಟೆ. ಮೇಜಿನ ಮೇಲಿರುವ ಗಣಕ ಒಬ್ಬರ ಸೇವೆಗೆ ನಿಂತರೆ, ಇದು ನೂರಾರು ಸಾವಿರಾರು ಮಂದಿಯ ಬೇಡಿಕೆಗಳನ್ನು ಏಕಕಾಲಕ್ಕೆ ಪೂರೈಸುತ್ತದೆ. ಕರ್ನಾಟಕದ ‘ಭೂಮಿ’ ಯೋಜನೆ ಈ ಶತಮಾನದ ಆರಂಭದ ವರ್ಷಗಳಲ್ಲಿ ಸುಮಾರು ಎರಡು ಕೋಟಿ ಪಹಣಿಗಳನ್ನು ಕಾಗದದಿಂದ ಗಣಕಕ್ಕೆ ಏರಿಸಿತು. ಹಾಗೆ ಏರಿದ ದಾಖಲೆಗಳೆಲ್ಲ ಇಂಥ ಯಂತ್ರಗಳಲ್ಲಿಯೇ ವಾಸಿಸುತ್ತವೆ. ಮೇಜಿನ ಗಣಕಕ್ಕೂ ಇದಕ್ಕೂ ಇನ್ನೊಂದು ವ್ಯತ್ಯಾಸವಿದೆ. ನಮ್ಮ ವಿಷಯಕ್ಕೆ ಅದೇ ಮುಖ್ಯ. ಸರ್ವರಿನ ಮುಂದೆ ಯಾರೂ ಕುಳಿತಿರುವುದಿಲ್ಲ. ಬೀಗ ಹಾಕಿದ ತಣ್ಣನೆಯ ಕೋಣೆಯೊಳಗೆ, ಲೋಹದ ಚೌಕಟ್ಟಿನಲ್ಲಿ ಒಂದರ ಮೇಲೊಂದು ಜೋಡಿಸಿಟ್ಟ ಪೆಟ್ಟಿಗೆಗಳು ಹಗಲೂ ರಾತ್ರಿ ದುಡಿಯುತ್ತಿರುತ್ತವೆ. ಹೆಚ್ಚಿನವಕ್ಕೆ ಪರದೆಯೂ ಇಲ್ಲ, ಕೀಲಿಮಣೆಯೂ ಇಲ್ಲ. ನೋಡಿಕೊಳ್ಳುವವರು ಎದುರಿಗಿಲ್ಲದ ಕಾರಣ, ತನ್ನ ಕಷ್ಟವನ್ನು ತಾನೇ ಹೇಳಿಕೊಳ್ಳುವ ಏರ್ಪಾಟನ್ನು ಅದರೊಳಗೇ ಮಾಡಬೇಕಾಯಿತು.

ಆ ಏರ್ಪಾಟಿನಲ್ಲಿ ಎಲ್ಲಕ್ಕಿಂತ ಸರಳವಾದದ್ದು ದೀಪ. ಸಾಮಾನ್ಯವಾಗಿ ಹಸಿರು ಎಂದರೆ ಕ್ಷೇಮ, ಕಿತ್ತಳೆ ಬೆರೆತ ಹಳದಿ ಎಂದರೆ ಗಮನವಿಡಿ, ಕೆಂಪು ಎಂದರೆ ಅಪಾಯ. ಆದರೆ ತಯಾರಕರೆಲ್ಲರ ಸಂಪ್ರದಾಯ ಒಂದೇ ಅಲ್ಲ. ನೀಲಿ ದೀಪ ಒಂದು ಯಂತ್ರದಲ್ಲಿ ‘ಸೌಖ್ಯ’ ಎಂದು ಹೇಳಿದರೆ, ಇನ್ನೊಂದರಲ್ಲಿ ‘ನೀವು ಹುಡುಕುತ್ತಿರುವ ಪೆಟ್ಟಿಗೆ ನಾನೇ’ ಎಂದು ಹೇಳುತ್ತದೆ. ಆದುದರಿಂದ ಬಣ್ಣದ ಅರ್ಥವನ್ನು ಆಯಾ ಯಂತ್ರದ ಕೈಪಿಡಿಯಿಂದಲೇ ತಿಳಿಯಬೇಕು. ಈ ಗೊಂದಲವನ್ನು ತಗ್ಗಿಸಲು 2015ರಲ್ಲಿ ‘ರೆಡ್‌ಫಿಶ್’ ಎಂಬ ಸಮಾನ ಕ್ರಮವೊಂದು ಪ್ರಕಟವಾಯಿತು. ಅದರ ಪ್ರಕಾರ ಯಾವ ಅಂಗದ ಆರೋಗ್ಯವನ್ನೇ ಕೇಳಿದರೂ ಯಂತ್ರ ಮೂರು ಶಬ್ದಗಳಲ್ಲಿ ಒಂದನ್ನು ಹೇಳಬೇಕು: ‘ಓಕೆ’, ‘ವಾರ್ನಿಂಗ್’, ‘ಕ್ರಿಟಿಕಲ್’. ಕ್ಷೇಮ, ಎಚ್ಚರಿಕೆ, ಗಂಡಾಂತರ. ಮೊದಲನೆಯದನ್ನು ಕಂಡು ಸುಮ್ಮನಿರುವುದು ಸುಲಭ, ಮೂರನೆಯದನ್ನು ಕಂಡು ಓಡುವುದೂ ಸುಲಭ. ಮನುಷ್ಯನ ಪರೀಕ್ಷೆ ನಡೆಯುವುದು ನಡುವಿನ ಶಬ್ದದಲ್ಲಿ.

ದೀಪದ ಬಳಿಕ ಅಂಕಿ. ಯಂತ್ರಗಳು ಸಂಖ್ಯೆಗಳಲ್ಲಿ ಏಕೆ ಮಾತನಾಡುತ್ತವೆ ಎಂದು ಹಲವರು ಬೇಸರದಿಂದ ಕೇಳುತ್ತಾರೆ. ಅದಕ್ಕೊಂದು ಕಾರಣವುಂಟು. 1981ರಲ್ಲಿ ಐ.ಬಿ.ಎಂ. ಕಂಪೆನಿಯ ಪಿ.ಸಿ. ಹೊರಬಂದಾಗ, ಗುಂಡಿ ಒತ್ತಿದೊಡನೆ ಅದು ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿತ್ತು. ಎಲ್ಲವೂ ನೆಟ್ಟಗಿದ್ದರೆ ಒಂದು ಕಿರು ಸದ್ದು. ಇಲ್ಲವಾದರೆ ಬೇರೆ ಬಗೆಯ ಸದ್ದು, ಜೊತೆಗೆ ಒಂದು ಸಂಖ್ಯೆ. 201 ಎಂದರೆ ಮೆಮೊರಿಯ ತೊಂದರೆ, 301 ಎಂದರೆ ಕೀಲಿಮಣೆಯದು. ಆರಂಭದ ಆ ಗಳಿಗೆಯಲ್ಲಿ ದೊಡ್ಡ ವಾಕ್ಯಗಳನ್ನು ಹೇಳುವಷ್ಟು ಸಾಮಗ್ರಿ ಯಂತ್ರದ ಬಳಿ ಇರುತ್ತಿರಲಿಲ್ಲ. ಪರದೆಯೇ ಎಚ್ಚರಗೊಳ್ಳದಿದ್ದರಂತೂ ಸದ್ದೊಂದೇ ಗತಿ. ಆದ್ದರಿಂದ ಚಿಕ್ಕ ಸಂಖ್ಯೆಯನ್ನು ಯಂತ್ರ ಹೇಳಬೇಕು, ಅದರ ದೀರ್ಘ ಅರ್ಥವನ್ನು ಮನುಷ್ಯ ಪುಸ್ತಕದಲ್ಲಿ ನೋಡಬೇಕು ಎಂಬ ಒಪ್ಪಂದವಾಯಿತು. ಇಂದಿನ ಸರ್ವರುಗಳು ಸಂಖ್ಯೆಯ ಜೊತೆಗೆ ವಾಕ್ಯವನ್ನೂ ಬರೆಯುತ್ತವೆ. ಆದರೂ ಸಂಖ್ಯೆ ಉಳಿದಿದೆ, ಏಕೆಂದರೆ ವಾಕ್ಯ ಭಾಷೆಯಿಂದ ಭಾಷೆಗೆ ಬದಲಾಗುತ್ತದೆ, ಸಂಖ್ಯೆ ಬದಲಾಗುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. 1984ರ ಪಿ.ಸಿ./ಎ.ಟಿ. ಯಂತ್ರದಿಂದ ಮುಂದಕ್ಕೆ, ಆರಂಭದ ಪರೀಕ್ಷೆಯ ಪ್ರತಿ ಹಂತದಲ್ಲಿಯೂ ಒಂದು ಚಿಕ್ಕ ಸಂಕೇತವನ್ನು ಹೊರಗೆ ತೋರಿಸುವ ಪದ್ಧತಿ ಬಂತು. ಹೆದ್ದಾರಿಯ ಮೈಲಿಗಲ್ಲುಗಳಂತೆ ಅವು ಒಂದೊಂದಾಗಿ ಸರಿದುಹೋಗುತ್ತವೆ. ಯಂತ್ರ ಅರ್ಧದಲ್ಲಿ ನಿಂತರೆ ಕೊನೆಯ ಸಂಕೇತ ಹಾಗೆಯೇ ಉಳಿದುಕೊಳ್ಳುತ್ತದೆ. ಅದನ್ನು ಕಂಡವರು ‘ಈ ಅಂಗ ಕೆಟ್ಟಿದೆ’ ಎಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಮೈಲಿಗಲ್ಲು ಹೇಳುವುದು ಬಸ್ಸು ಎಲ್ಲಿಯವರೆಗೆ ಬಂತು ಎಂಬುದನ್ನು ಮಾತ್ರ. ಗಾಲಿ ಒಡೆಯಿತೋ, ಇಂಧನ ತೀರಿತೋ, ಮುಂದಿನ ಸೇತುವೆ ಕುಸಿದಿತ್ತೋ ಎಂಬುದನ್ನು ಇಳಿದು ನೋಡಿಯೇ ತಿಳಿಯಬೇಕು.

ಈಗಿನ ಸರ್ವರಿನೊಳಗೆ, ಮುಖ್ಯ ಗಣಕದ ಪಕ್ಕದಲ್ಲಿ, ಇನ್ನೊಂದು ಪುಟ್ಟ ಗಣಕ ಇರುತ್ತದೆ. ಅದನ್ನು ‘ಬೇಸ್‌ಬೋರ್ಡ್ ಮ್ಯಾನೇಜ್‌ಮೆಂಟ್ ಕಂಟ್ರೋಲರ್’ ಎನ್ನುತ್ತಾರೆ; ನಾವು ಕಾವಲುಗಾರ ಎಂದು ಕರೆಯೋಣ. ಈ ಕಾವಲುಗಾರ ಹೇಗೆ ಕೆಲಸ ಮಾಡಬೇಕು, ಹೇಗೆ ವರದಿ ಬರೆಯಬೇಕು ಎಂಬುದಕ್ಕೆ 1998ರಲ್ಲಿ ಇಂಟೆಲ್, ಡೆಲ್, ಎಚ್.ಪಿ., ಎನ್.ಇ.ಸಿ. ಕಂಪೆನಿಗಳು ಕೂಡಿ ‘ಐ.ಪಿ.ಎಂ.ಐ.’ ಎಂಬ ನಿಯಮಾವಳಿಯನ್ನು ರಚಿಸಿದವು. ಮುಖ್ಯ ಗಣಕವನ್ನು ನಿಲ್ಲಿಸಿದರೂ ಈತ ನಿಲ್ಲುವುದಿಲ್ಲ. ಗೋಡೆಯಿಂದ ವಿದ್ಯುತ್ತು ಬರುತ್ತಿರುವಷ್ಟು ಕಾಲ ಎಚ್ಚರವಾಗಿಯೇ ಇರುತ್ತಾನೆ. ಒಳಬರುವ ಗಾಳಿಯ ಉಷ್ಣತೆ, ಫ್ಯಾನುಗಳ ವೇಗ, ವಿದ್ಯುತ್ತಿನ ಒತ್ತಡ, ಮೆಮೊರಿಯ ತಪ್ಪುಗಳು, ಕೊನೆಗೆ ಪೆಟ್ಟಿಗೆಯ ಮುಚ್ಚಳವನ್ನು ಯಾರಾದರೂ ತೆರೆದರೆ ಆ ಸಂಗತಿಯನ್ನೂ ಕಂಡು ಒಂದು ದಿನಚರಿಯಲ್ಲಿ ಬರೆದಿಡುತ್ತಾನೆ. ಆ ದಿನಚರಿಗೆ ‘ಇವೆಂಟ್ ಲಾಗ್’ ಎಂದು ಹೆಸರು.

ಈ ದಿನಚರಿಯ ಒಂದೊಂದು ಸಾಲನ್ನೂ ನಾಲ್ಕು ಪ್ರಶ್ನೆಗಳಿಂದ ಓದಬೇಕು. ಯಾವ ಅಂಗ? ಎಷ್ಟು ಗಂಭೀರ? ಯಾವಾಗ, ಎಷ್ಟು ಬಾರಿ? ಈಗಲೂ ಇದೆಯೆ, ತೀರಿತೆ? ಗಂಭೀರತೆಗೆ ನಿಯಮಾವಳಿಯಲ್ಲಿ ಮೂರು ಮೆಟ್ಟಿಲುಗಳಿವೆ: ಮಿತಿಯ ಸಮೀಪ ಬಂದಿದೆ, ಮಿತಿ ಮೀರಿದೆ, ಇನ್ನು ಅಂಗಕ್ಕೇ ಹಾನಿಯಾದೀತು. ಕೋಣೆಯ ತಂಪುಯಂತ್ರ ನಿಂತು ಉಷ್ಣತೆ ಏರಿತೆನ್ನಿ. ಕಾವಲುಗಾರ ಆ ಗಳಿಗೆಯಲ್ಲಿ ‘ಅಸರ್ಟೆಡ್’, ಎಂದರೆ ಈ ಸ್ಥಿತಿ ಉಂಟಾಯಿತು, ಎಂದು ಬರೆಯುತ್ತಾನೆ. ತಂಪು ಮರಳಿದಾಗ ‘ಡಿಅಸರ್ಟೆಡ್’, ಎಂದರೆ ಈ ಸ್ಥಿತಿ ಕೊನೆಗೊಂಡಿತು, ಎಂದು ಬರೆಯುತ್ತಾನೆ. ಮೊದಲನೆಯ ಸಾಲಿಗೆ ಜೋಡಿಯಾದ ಎರಡನೆಯ ಸಾಲು ಕಾಣದಿದ್ದರೆ ತೊಂದರೆ ಇನ್ನೂ ನಡೆಯುತ್ತಿದೆಯೆಂದು ಭಾವಿಸಿ ಮುಂದುವರಿಯುವುದು ಕ್ಷೇಮ. ಕೆಲವೊಮ್ಮೆ ಸಾಲಿನ ಮುಂದೆ 1970ರ ಜನವರಿ 1 ಎಂಬ ದಿನಾಂಕ ಇರುತ್ತದೆ. ಅಂದು ಈ ಯಂತ್ರ ಹುಟ್ಟಿಯೇ ಇರಲಿಲ್ಲವಲ್ಲ ಎಂದು ಹೊಸಬರು ಬೆರಗಾಗುತ್ತಾರೆ. ಹಲವು ಗಣಕಗಳು ಕಾಲವನ್ನು ಆ ದಿನದಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. ಗಡಿಯಾರ ಇನ್ನೂ ಸರಿಹೊಂದಿರದಿದ್ದಾಗ ಎಣಿಕೆ ಸೊನ್ನೆಯಿಂದ ತೊಡಗುತ್ತದೆ. ಅಂಥ ಸಾಲನ್ನು ಸುಳ್ಳೆಂದು ತಳ್ಳಿಹಾಕಬಾರದು. ಘಟನೆ ನಿಜ, ದಿನಾಂಕ ಮಾತ್ರ ತಿಳಿಯದು.

ಇಷ್ಟು ತಿಳಿದ ಮೇಲೆ ಓದುಗನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಮೊದಲ ಸೂತ್ರ ಇದು: ಯಂತ್ರ ಸಾಕ್ಷಿ ಹೇಳುತ್ತದೆ, ತೀರ್ಪು ಕೊಡುವುದಿಲ್ಲ. ಡೆಲ್ ಸರ್ವರುಗಳಲ್ಲಿ ‘ಪಿ.ಎಸ್.ಯು. 0003’ ಎಂಬ ಸಂಕೇತವೊಂದಿದೆ. ವಿದ್ಯುತ್ ಪೂರೈಸುವ ಘಟಕಕ್ಕೆ ಸಂಬಂಧಿಸಿದ್ದು. ಸಂಕೇತವನ್ನು ಕಂಡೊಡನೆ ಘಟಕವೇ ಸುಟ್ಟಿತೆಂದು ಹೊಸದನ್ನು ತರಿಸಲು ಹೊರಡುವವರುಂಟು. ವಾಕ್ಯವನ್ನು ಪೂರ್ತಿ ಓದಿದರೆ ಅದು ಹೇಳುವುದು, ‘ಘಟಕಕ್ಕೆ ಬರುತ್ತಿದ್ದ ವಿದ್ಯುತ್ತು ನಿಂತಿದೆ’ ಎಂದು. ತಂತಿ ಸಡಿಲವಾಗಿರಬಹುದು, ಗೋಡೆಯ ಸ್ವಿಚ್ಚನ್ನು ಕಸಗುಡಿಸುವಾಗ ಯಾರೋ ಆರಿಸಿರಬಹುದು, ಯು.ಪಿ.ಎಸ್. ಕೈಕೊಟ್ಟಿರಬಹುದು. ಕೊಳಾಯಿಯಲ್ಲಿ ನೀರು ಬಾರದಿದ್ದರೆ ಕೊಳಾಯಿಯನ್ನೇ ಬಿಚ್ಚುವ ಮೊದಲು ಮೇಲಿನ ತೊಟ್ಟಿಯನ್ನು ನೋಡುವುದಿಲ್ಲವೇ? ಇಲ್ಲಿಯೂ ಅದೇ ವಿವೇಕ ಸಾಕು.

ಸೂಚನೆಯನ್ನೂ ಸತ್ಯವನ್ನೂ ಒಂದೇ ಎಂದು ಬಗೆದರೆ ಏನಾಗುತ್ತದೆ ಎಂಬುದಕ್ಕೆ ಅತ್ಯಂತ ಕಠೋರವಾದ ನಿದರ್ಶನ ಗಣಕದ ಲೋಕದ ಆಚೆಯಿಂದ ದೊರೆಯುತ್ತದೆ. 1979ರ ಮಾರ್ಚ್ 28ರಂದು, ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದ ತ್ರೀ ಮೈಲ್ ಐಲೆಂಡ್ ಪರಮಾಣು ವಿದ್ಯುತ್ ಕೇಂದ್ರದಲ್ಲಿ ಒಂದು ಕವಾಟ ತೆರೆದುಕೊಂಡು ಮತ್ತೆ ಮುಚ್ಚಿಕೊಳ್ಳದೆ ಸಿಕ್ಕಿಕೊಂಡಿತು. ನಿಯಂತ್ರಣ ಫಲಕದ ಮೇಲಿನ ದೀಪ ಆರಿತ್ತು. ಆರಿದ್ದರಿಂದ ಕವಾಟ ಮುಚ್ಚಿದೆಯೆಂದು ಅಲ್ಲಿದ್ದವರು ನಂಬಿದರು. ನಿಜವಾಗಿ ಆ ದೀಪಕ್ಕೂ ಕವಾಟಕ್ಕೂ ನೇರ ಸಂಬಂಧವಿರಲಿಲ್ಲ. ಕವಾಟವನ್ನು ತೆರೆಯುವ ವಿದ್ಯುತ್ತು ಹರಿಯುತ್ತಿದೆಯೋ ನಿಂತಿದೆಯೋ ಎಂಬುದನ್ನಷ್ಟೆ ಅದು ತೋರಿಸುತ್ತಿತ್ತು. ‘ಮುಚ್ಚಿಕೋ’ ಎಂಬ ಆಜ್ಞೆ ಹೋಗಿತ್ತು, ಕವಾಟ ಮುಚ್ಚಿರಲಿಲ್ಲ. ಎರಡು ಗಂಟೆಗೂ ಹೆಚ್ಚು ಕಾಲ ತಂಪುಗೊಳಿಸುವ ನೀರು ಸೋರಿಹೋಗಿ, ಪರಮಾಣು ಇಂಧನದ ಒಂದು ಭಾಗವೇ ಕರಗಿತು. ಆಜ್ಞೆ ಕೊಟ್ಟದ್ದಕ್ಕೂ ಅದು ನೆರವೇರಿದ್ದಕ್ಕೂ ಎಷ್ಟು ಅಂತರವೆಂಬುದು ಕಚೇರಿಗಳನ್ನು ನಡೆಸಿದವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಸರ್ವರಿನ ಮುಂದೆಯೂ ನಾವು ಕೇಳಬೇಕಾದ ಪ್ರಶ್ನೆ ಅದೇ. ಈ ದೀಪ ನಿಜವಾಗಿ ಏನನ್ನು ಅಳೆಯುತ್ತಿದೆ?

ಎರಡನೆಯ ಸೂತ್ರ ಚಿಕ್ಕ ತಪ್ಪುಗಳಿಗೆ ಸಂಬಂಧಿಸಿದ್ದು. ಗಣಕದ ಮೆಮೊರಿಯಲ್ಲಿ ಎಲ್ಲವೂ ಸೊನ್ನೆ ಮತ್ತು ಒಂದು ಎಂಬ ಎರಡೇ ಗುರುತುಗಳಲ್ಲಿ ಬರೆಯಲ್ಪಟ್ಟಿರುತ್ತದೆ. ಒಂದು ಗುರುತು ತಾನಾಗಿ ತಿರುವುಮುರುವಾದರೆ ಅಂಕಿ ಬದಲಾಗುತ್ತದೆ. 1981ರ ಪಿ.ಸಿ. ಇಂಥ ತಪ್ಪನ್ನು ಪತ್ತೆ ಮಾಡಬಲ್ಲುದಾಗಿತ್ತು; ತಿದ್ದಬಲ್ಲುದಾಗಿರಲಿಲ್ಲ. ‘ಪ್ಯಾರಿಟಿ ಚೆಕ್’ ಎಂದು ಬರೆದು ಕೆಲಸವನ್ನೇ ನಿಲ್ಲಿಸಿಬಿಡುತ್ತಿತ್ತು. ಈ ಸಮಸ್ಯೆಗೆ ಉತ್ತರ ಅದಕ್ಕೂ ಬಹಳ ಹಿಂದೆಯೇ ಸಿದ್ಧವಾಗಿತ್ತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಗಣಿತಜ್ಞ ರಿಚರ್ಡ್ ಹ್ಯಾಮಿಂಗ್ ವಾರದ ಕೊನೆಯಲ್ಲಿ ತನ್ನ ಲೆಕ್ಕಗಳನ್ನು ಯಂತ್ರಕ್ಕೆ ಕೊಟ್ಟು ಹೋಗುತ್ತಿದ್ದನು. ನಡುವೆ ತಪ್ಪೊಂದು ಕಂಡರೆ ಯಂತ್ರ ಆ ಲೆಕ್ಕವನ್ನು ಕೈಬಿಟ್ಟು ಮುಂದಿನದಕ್ಕೆ ಹೋಗಿರುತ್ತಿತ್ತು. ತಪ್ಪಿದೆಯೆಂದು ಹೇಳಬಲ್ಲ ಯಂತ್ರ, ತಪ್ಪು ಎಲ್ಲಿದೆಯೆಂದು ಹೇಳಿ ತಿದ್ದಬಾರದೇಕೆ ಎಂದು ಆತನಿಗೆ ರೇಗಿತು. ಆ ರೇಗಿನ ಫಲವಾಗಿ 1950ರಲ್ಲಿ ಆತನ ಪ್ರಬಂಧ ಪ್ರಕಟವಾಯಿತು.

ಅದರ ತತ್ತ್ವವನ್ನು ಅಂಗಡಿಯ ಲೆಕ್ಕದ ಪುಸ್ತಕದಿಂದ ತಿಳಿಯಬಹುದು. ಅಂಕಿಗಳನ್ನು ಚೌಕಾಕಾರವಾಗಿ ಬರೆದು, ಪ್ರತಿ ಅಡ್ಡಸಾಲಿಗೂ ಪ್ರತಿ ಉದ್ದಸಾಲಿಗೂ ಮೊತ್ತ ಬರೆದಿಟ್ಟಿದ್ದೇವೆನ್ನಿ. ಮುಂದೊಂದು ದಿನ ಒಂದು ಅಡ್ಡಸಾಲಿನ ಮೊತ್ತವೂ ಒಂದು ಉದ್ದಸಾಲಿನ ಮೊತ್ತವೂ ತಾಳೆಯಾಗದಿದ್ದರೆ, ಅವೆರಡೂ ಸಂಧಿಸುವ ಮನೆಯಲ್ಲಿರುವ ಅಂಕಿಯೇ ತಪ್ಪು. ತಪ್ಪಿನ ಜಾಗವೂ ಸಿಕ್ಕಿತು, ಸರಿಯಾದ ಅಂಕಿಯೂ ಸಿಕ್ಕಿತು. ಸರ್ವರಿನ ಮೆಮೊರಿ ಇದೇ ಬಗೆಯ ಉಪಾಯದಿಂದ ಪ್ರತಿ 64 ಗುರುತುಗಳ ಜೊತೆಗೆ 8 ಕಾವಲು ಗುರುತುಗಳನ್ನು ಇಟ್ಟುಕೊಳ್ಳುತ್ತದೆ. ಒಂದು ಗುರುತು ತಪ್ಪಿದರೆ ತಿದ್ದಿಕೊಳ್ಳುತ್ತದೆ, ಎರಡು ತಪ್ಪಿದರೆ ತಪ್ಪಿದೆಯೆಂದು ಹೇಳಬಲ್ಲುದು, ತಿದ್ದಲಾರದು. ದಿನಚರಿಯಲ್ಲಿ ಕಾಣುವ ‘ಕರೆಕ್ಟಬಲ್’, ‘ಅನ್‌ಕರೆಕ್ಟಬಲ್’ ಎಂಬ ಎರಡು ಶಬ್ದಗಳ ಅರ್ಥ ಇದೇ.

ಈ ಗುರುತುಗಳು ಏಕೆ ತಪ್ಪುತ್ತವೆ? 1978ರ ಸುಮಾರಿಗೆ ಇಂಟೆಲ್ ಕಂಪೆನಿಯ ತಿಮೋತಿ ಮೇ ಮತ್ತು ಮರ್ರೆ ವುಡ್ಸ್ ಎಂಬವರು, ಮೆಮೊರಿ ಬಿಲ್ಲೆಯ ಹೊದಿಕೆಯಲ್ಲಿಯೇ ಇದ್ದ ವಿಕಿರಣಶೀಲ ದ್ರವ್ಯದ ಲೇಶದಿಂದ ಹೊಮ್ಮುವ ಆಲ್ಫಾ ಕಣಗಳು ಗುರುತುಗಳನ್ನು ತಿರುಗಿಸಬಲ್ಲವೆಂದು ತೋರಿಸಿದರು. 1979ರಲ್ಲಿ ಜೇಮ್ಸ್ ಝೀಗ್ಲರ್ ಮತ್ತು ವಿಲಿಯಂ ಲ್ಯಾನ್‌ಫೋರ್ಡ್ ಆಕಾಶದಿಂದ ಸುರಿಯುವ ವಿಶ್ವಕಿರಣಗಳೂ ಈ ಕೆಲಸ ಮಾಡಬಲ್ಲವೆಂದು ವಾದಿಸಿದರು. ವಿಶ್ವಕಿರಣಗಳು ಕನ್ನಡನಾಡಿಗೆ ಅಪರಿಚಿತವಲ್ಲ. ಅವುಗಳ ಮಳೆಯಿಂದ ಮರೆಯಾಗುವುದಕ್ಕೆಂದೇ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಯ ಆಳಕ್ಕೆ ಇಳಿದು, 1965ರಲ್ಲಿ ನ್ಯೂಟ್ರಿನೋ ಕಣಗಳ ಸುಳಿವನ್ನು ಹಿಡಿದರು. ಪಾಪ, ಸರ್ವರುಗಳಿಗೆ ಅಂಥ ಗಣಿಯ ಆಸರೆಯಿಲ್ಲ. 2003ರ ಮೇ ತಿಂಗಳಲ್ಲಿ ಬೆಲ್ಜಿಯಂ ದೇಶದ ಸ್ಕಾರ್‌ಬೀಕ್ ಎಂಬಲ್ಲಿ ನಡೆದ ಚುನಾವಣೆಯ ಎಣಿಕೆಯಲ್ಲಿ ಅಭ್ಯರ್ಥಿಯೊಬ್ಬರಿಗೆ 4096 ಮತಗಳು ಹೆಚ್ಚಾಗಿ ಬಂದಿದ್ದವು. ಎರಡನ್ನು ಹನ್ನೆರಡು ಬಾರಿ ಗುಣಿಸಿದರೆ ಬರುವ ಸಂಖ್ಯೆ ಅದು. ಒಂದೇ ಒಂದು ಗುರುತು ಸೊನ್ನೆಯಿಂದ ಒಂದಕ್ಕೆ ತಿರುಗಿದರೆ ಆಗುವಷ್ಟೇ ವ್ಯತ್ಯಾಸ. ಗುರುತು ತಾನಾಗಿ ತಿರುಗಿದ್ದೇ ಇದರ ಕಾರಣವಿರಬೇಕೆಂದು ತಜ್ಞರು ಭಾವಿಸಿದರು. ಬರಬಹುದಾದ ಮತಗಳಿಗಿಂತ ಬಂದ ಮತಗಳು ಹೆಚ್ಚಾಗಿದ್ದುದರಿಂದ ತಪ್ಪು ಬಯಲಾಯಿತು. ಸಂಖ್ಯೆ ನಂಬುವಂತಿದ್ದಿದ್ದರೆ?

ಹಾಗಾದರೆ ತಪ್ಪುಗಳೆಲ್ಲವೂ ಆಕಾಶದ ಪಾಲಿಗೆ ಸೇರಿದವೇ? ಬಹಳ ಕಾಲ ಹಾಗೆಂದೇ ತಿಳಿದಿದ್ದರು. 2009ರಲ್ಲಿ ಬಿಯಾಂಕಾ ಶ್ರೋಡರ್ ಮತ್ತು ಅವರ ಸಂಗಡಿಗರು ಗೂಗಲ್ ಕಂಪೆನಿಯ ಸರ್ವರುಗಳ ಎರಡೂವರೆ ವರ್ಷಗಳ ದಾಖಲೆಗಳನ್ನು ಶೋಧಿಸಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಿಸಿತು. ವರ್ಷವೊಂದರಲ್ಲಿ ಸುಮಾರು ಮೂರರಲ್ಲಿ ಒಂದು ಯಂತ್ರ ತಿದ್ದಬಲ್ಲ ತಪ್ಪನ್ನು ಕಂಡಿತ್ತು. ಆ ತಪ್ಪುಗಳಲ್ಲಿ ಹೆಚ್ಚಿನವು ಬಂದಿದ್ದುದು ದೈವಿಕವಾದ ಆಕಸ್ಮಿಕದಿಂದಲ್ಲ, ಮೆಮೊರಿಯ ಬಿಲ್ಲೆಯೊಳಗಿನ ಶಾಶ್ವತ ದೋಷದಿಂದ ಎಂದು ಅವರಿಗೆ ಕಂಡಿತು. ತಿದ್ದಬಲ್ಲ ತಪ್ಪು ಮಾಡಿದ ಬಿಲ್ಲೆ ತಿದ್ದಲಾಗದ ತಪ್ಪು ಮಾಡುವ ಸಂಭವ ಅನೇಕ ಪಾಲು ಹೆಚ್ಚಿತ್ತು. ಆದ್ದರಿಂದ ‘ಕರೆಕ್ಟಬಲ್’ ಎಂಬ ಶಬ್ದ ಒಮ್ಮೆ ಕಂಡರೆ ಬರೆದಿಟ್ಟುಕೊಳ್ಳಿ, ಅಂಜಬೇಡಿ. ಅದೇ ಜಾಗದ ಅದೇ ಬಿಲ್ಲೆಯ ಹೆಸರು ಮತ್ತೆ ಮತ್ತೆ ಬಂದರೆ ಬದಲಾಯಿಸಿ. ಯಂತ್ರ ತಾನೇ ತಿದ್ದಿಕೊಂಡಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವುದು, ಕೆಮ್ಮು ತಾನಾಗಿ ನಿಂತಿತಲ್ಲ ಎಂದು ವೈದ್ಯರ ಬಳಿಗೆ ಹೋಗದೆ ಇರುವಂಥ ಸಮಾಧಾನ.

ಡಿಸ್ಕಿನ ಮಾತು ಇನ್ನೂ ಮುಖ್ಯ, ಏಕೆಂದರೆ ದಾಖಲೆಗಳು ಉಳಿಯುವುದು ಅಲ್ಲಿ. ಡಿಸ್ಕು ಕೂಡ ತನ್ನ ದಿನಚರಿಯನ್ನು ಇಟ್ಟಿರುತ್ತದೆ. ‘ಸ್ಮಾರ್ಟ್’ ಎಂದು ಅದರ ಹೆಸರು. ಬರೆಯಲು ಬಾರದಂತೆ ಕೆಟ್ಟ ತುಣುಕುಗಳು ಎಷ್ಟು, ಅವುಗಳ ಬದಲಿಗೆ ಕಾದಿರಿಸಿದ ತುಣುಕುಗಳನ್ನು ಎಷ್ಟು ಬಾರಿ ಬಳಸಬೇಕಾಯಿತು ಎಂಬ ಲೆಕ್ಕ ಅದರಲ್ಲಿದೆ. 2007ರಲ್ಲಿ ಗೂಗಲ್ ಕಂಪೆನಿಯ ಸಂಶೋಧಕರು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ಎರಡು ಸಂಗತಿಗಳಿವೆ. ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷ ಕಾಣದ ಡಿಸ್ಕಿಗಿಂತ 39 ಪಾಲು ಹೆಚ್ಚು. ಆದರೆ ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವೆಂದು ಎಣಿಸಿದ ನಾಲ್ಕು ಲಕ್ಷಣಗಳಲ್ಲಿ ಒಂದನ್ನೂ ತೋರಿಸದೆಯೇ ಕೆಟ್ಟಿದ್ದವು. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಬೇಕು. ಯಂತ್ರ ಎಚ್ಚರಿಸಿದರೆ ನಂಬಿ. ಎಚ್ಚರಿಸದಿದ್ದರೆ ಕ್ಷೇಮವೆಂದು ನಂಬಬೇಡಿ. ಬೇರೆ ಕಡೆ ಪ್ರತಿ ಇಟ್ಟಿರಿ.

ಒಂದು ಡಿಸ್ಕು ಹೋದರೂ ದಾಖಲೆ ಹೋಗದಿರಲೆಂದು ಹಲವು ಡಿಸ್ಕುಗಳನ್ನು ಕೂಡಿಸಿ ಬಳಸುವ ‘ರೇಡ್’ ಪದ್ಧತಿಯನ್ನು 1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾನಿಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಟ್ಜ್ ತಮ್ಮ ಪ್ರಬಂಧದಲ್ಲಿ ವಿವರಿಸಿದರು. ಇದರ ಒಂದು ಬಗೆಯಲ್ಲಿ, ಯಾವುದಾದರೂ ಒಂದು ಡಿಸ್ಕು ಕೆಟ್ಟರೆ ಉಳಿದವು ಅದರ ಲೆಕ್ಕವನ್ನು ತಾವೇ ಹೊಂದಿಸಿ ಕೆಲಸ ಮುಂದುವರಿಸುತ್ತವೆ. ಆಗ ತೋರುವ ಸ್ಥಿತಿಯ ಹೆಸರು ‘ಡಿಗ್ರೇಡೆಡ್’. ದೀಪ ಹಳದಿ. ಈ ಶಬ್ದವನ್ನು ‘ಸ್ವಲ್ಪ ಕುಂದಿದೆ’ ಎಂದು ಅರ್ಥಮಾಡಿಕೊಳ್ಳುವುದು ದೊಡ್ಡ ಅಪಾಯ. ಅದರ ನಿಜವಾದ ಅರ್ಥ, ‘ಈಗ ನನಗೆ ಆಸರೆಯಿಲ್ಲ, ಇನ್ನೊಂದು ಹೋದರೆ ಎಲ್ಲವೂ ಹೋಯಿತು’ ಎಂದು. ಆದರೆ ಹೊರಗಿನವರಿಗೆ ಏನೂ ತಿಳಿಯುವುದಿಲ್ಲ. ಕೆಲಸ ಎಂದಿನಂತೆಯೇ ನಡೆಯುತ್ತಿರುತ್ತದೆ, ರಸೀತಿಗಳು ಎಂದಿನಂತೆಯೇ ಅಚ್ಚಾಗುತ್ತಿರುತ್ತವೆ.

ನನಗೆ ತಿಳಿದ ಒಂದು ಸಹಕಾರ ಸಂಘದಲ್ಲಿ ನಡೆದದ್ದನ್ನು ಹೇಳುತ್ತೇನೆ, ಹೆಸರು ಬೇಡ. ಮೂರು ಡಿಸ್ಕುಗಳ ಸರ್ವರ್. ಒಂದು ಬೆಳಿಗ್ಗೆ ಪೆಟ್ಟಿಗೆಯಿಂದ ಕೀಚು ಸದ್ದು ಹೊರಟಿತು. ಗುಮಾಸ್ತರಿಗೆ ಕೆಲಸ ಮಾಡಲಾಗಲಿಲ್ಲ. ಯಾರನ್ನೋ ದೂರವಾಣಿಯಲ್ಲಿ ಕೇಳಿ ಸದ್ದನ್ನು ಅಡಗಿಸುವ ಬಗೆಯನ್ನು ತಿಳಿದುಕೊಂಡರು. ಸದ್ದು ಅಡಗಿತು, ದೀಪ ಹಳದಿಯಾಗಿಯೇ ಉಳಿಯಿತು. ಲೆಕ್ಕಪತ್ರ ನಡೆಯುತ್ತಿದ್ದುದರಿಂದ ಯಾರೂ ಆ ಕಡೆ ನೋಡಲಿಲ್ಲ. ಮೂರು ವಾರಗಳ ನಂತರ ಎರಡನೆಯ ಡಿಸ್ಕೂ ನಿಂತಿತು. ಬೇರೆ ಕಡೆ ಇಟ್ಟಿದ್ದ ಪ್ರತಿ ನಾಲ್ಕು ತಿಂಗಳ ಹಿಂದಿನದು. ಆ ನಾಲ್ಕು ತಿಂಗಳಲ್ಲಿ ಸಾಲದ ಕಂತು ಕಟ್ಟಿದವರೆಲ್ಲ ರಸೀತಿ ತಂದು ತೋರಿಸಬೇಕೆಂದು ಊರೂರಿಗೆ ಹೇಳಿಕಳಿಸಿದರು. ರಸೀತಿಯನ್ನು ಜೋಪಾನವಾಗಿ ಇಟ್ಟವರು ತಂದರು. ಸೆರಗಿನ ಗಂಟಿನಲ್ಲಿ ಕಟ್ಟಿಟ್ಟು ಬಟ್ಟೆಯ ಜೊತೆಗೆ ಒಗೆದವರು, ಗೋಡೆಯ ಗೂಡಿನಲ್ಲಿಟ್ಟು ಮಳೆಗೆ ತೋಯಿಸಿಕೊಂಡವರು ಬರಿಗೈಯಲ್ಲಿ ಬಂದು ನಿಂತರು. ಕಟ್ಟಿದ ಹಣವನ್ನು ಕಟ್ಟಿದ್ದೇನೆಂದು ಒಪ್ಪಿಸಲು ಅವರು ಪಟ್ಟ ಪಾಡನ್ನು ನಾನು ಕಂಡಿದ್ದೇನೆ. ಯಂತ್ರದ ದಿನಚರಿಯನ್ನು ಆಮೇಲೆ ತೆರೆದು ನೋಡಿದಾಗ, ಮೊದಲ ಡಿಸ್ಕಿನ ಸಂಖ್ಯೆ, ಅದು ಕೆಟ್ಟ ದಿನ, ಗಂಟೆ, ನಿಮಿಷ ಎಲ್ಲವೂ ಅಲ್ಲಿ ಬರೆದಿತ್ತು.

ಇಂಥ ಸಂದರ್ಭದಲ್ಲಿ ಮಾಡಬೇಕಾದದ್ದು ಹೆಚ್ಚೇನೂ ಇಲ್ಲ, ಆದರೆ ಕ್ರಮವಾಗಿ ಮಾಡಬೇಕು. ಮೊದಲು ಸೂಚನೆಯನ್ನು ಅಕ್ಷರಶಃ ಬರೆದಿಟ್ಟುಕೊಳ್ಳಿ. ‘ಏನೋ ಡಿಸ್ಕ್ ಎಂದು ತೋರಿಸುತ್ತಿದೆ’ ಎಂಬ ವರದಿಯಿಂದ ದುರಸ್ತಿಗಾರನಿಗೆ ಉಪಯೋಗವಿಲ್ಲ. ಯಂತ್ರವನ್ನು ಆರಿಸಿ ಹಚ್ಚುವ ಹಾಗೂ ದಿನಚರಿಯನ್ನು ಅಳಿಸುವ ಆತುರ ಬೇಡ. ಅಳಿಸಿದರೆ ದೀಪ ಹಸಿರಾಗಬಹುದು, ದೋಷ ಹಾಗೆಯೇ ಇರುತ್ತದೆ. ಹತ್ತಾರು ಸಾಲುಗಳಿದ್ದರೆ ಕಾಲಕ್ರಮದಲ್ಲಿ ಮೊದಲನೆಯದನ್ನು ಹುಡುಕಿ. ಫ್ಯಾನು ನಿಂತಿತು, ಉಷ್ಣತೆ ಏರಿತು, ಸಂಸ್ಕಾರಕ ನಿಧಾನವಾಯಿತು, ಯಂತ್ರ ನಿಂತಿತು ಎಂಬ ನಾಲ್ಕು ಸಾಲುಗಳಲ್ಲಿ ರೋಗ ಒಂದೇ, ಉಳಿದ ಮೂರು ಅದರ ಫಲ. ಡಿಸ್ಕನ್ನು ಬದಲಾಯಿಸುವಾಗ ಎಣಿಕೆ ಎಲ್ಲಿಂದ ಆರಂಭವಾಗುತ್ತದೆಂದು ಖಚಿತಮಾಡಿಕೊಳ್ಳಿ. ಹಲವು ಯಂತ್ರಗಳು ಸೊನ್ನೆಯಿಂದ ಎಣಿಸುತ್ತವೆ; ಅವುಗಳಲ್ಲಿ ‘ಡಿಸ್ಕ್ 1’ ಎಂದರೆ ಎರಡನೆಯದು. ಕೆಟ್ಟದ್ದನ್ನು ಬಿಟ್ಟು ಒಳ್ಳೆಯದನ್ನು ಕಿತ್ತರೆ, ಯಂತ್ರ ಮಾಡದ ಅನಾಹುತವನ್ನು ನಮ್ಮ ಕೈಯೇ ಮಾಡಿದಂತಾಗುತ್ತದೆ.

ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ಒಂದು ಏರ್ಪಾಟು. ದೊಡ್ಡ ಸಂಸ್ಥೆಗಳಲ್ಲಿ ಸೂಚನೆಗಳು ತಾವಾಗಿಯೇ ತಂತ್ರಜ್ಞರ ಕೈಯಲ್ಲಿರುವ ಮೊಬೈಲಿಗೆ ಹೋಗುತ್ತವೆ. ಅಲ್ಲಿನ ಕಷ್ಟ ಬೇರೆ: ದಿನಕ್ಕೆ ನೂರು ಸೂಚನೆಗಳು ಬಂದರೆ ನೂರ ಒಂದನೆಯದನ್ನು ಯಾರೂ ಓದುವುದಿಲ್ಲ. ಚಿಕ್ಕ ಕಚೇರಿಗಳಲ್ಲಿ ಕೇಳುವವರೇ ಇಲ್ಲ. ಸರ್ವರ್ ಇರುವ ಕೋಣೆಗೆ ಬೀಗದ ಕೈ ಯಾರ ಬಳಿ ಇದೆಯೆಂಬುದು ಎಲ್ಲರಿಗೂ ಗೊತ್ತಿರುತ್ತದೆ, ದೀಪವನ್ನು ನೋಡುವ ಹೊಣೆ ಯಾರದೆಂಬುದು ಯಾರಿಗೂ ಗೊತ್ತಿರುವುದಿಲ್ಲ. ಬಾಗಿಲ ಬಳಿ ಒಂದು ಪುಸ್ತಕವನ್ನು ತೂಗುಹಾಕಿ, ದಿನಕ್ಕೊಮ್ಮೆ ದೀಪದ ಬಣ್ಣವನ್ನು ಬರೆದು ಸಹಿ ಮಾಡುವ ಕೆಲಸವನ್ನು ಒಬ್ಬರಿಗೆ ವಹಿಸಿದರೆ ಸಾಕು. ಅದಕ್ಕೆ ಇಂಜಿನಿಯರೇ ಆಗಬೇಕೆಂದಿಲ್ಲ. ಹಸಿರಿಗೂ ಹಳದಿಗೂ ಭೇದ ತಿಳಿದಿದ್ದು, ಹಳದಿ ಕಂಡ ದಿನ ಯಾರಿಗೆ ದೂರವಾಣಿ ಮಾಡಬೇಕೆಂಬುದು ಗೊತ್ತಿದ್ದರೆ ಆಯಿತು. ಈ ಮಾತನ್ನು ಕೇಳುತ್ತಿರುವವರಲ್ಲಿ ಯಾರ ಕಚೇರಿಯಲ್ಲಾದರೂ ಅಂಥ ಕೋಣೆಯೊಂದು ಇದ್ದರೆ, ನಾಳೆ ಬೆಳಿಗ್ಗೆ ಒಮ್ಮೆ ಬಾಗಿಲು ತೆಗೆದು ನೋಡಬೇಕೆಂದು ವಿನಂತಿಸುತ್ತೇನೆ.